ಅಮರಕ್ಕ ಹೊಲಿದ ಕುಲಾವಿ

ಮಾನ್ಯ ಅಧ್ಯಕ್ಷರೇ, ಸಿಂಧನೂರಿನಿಂದ ಲಿಂಗಸುಗೂರಿಗೆ ವರ್ಗವಾಗಿ ಹೊರಟಿರುವ ಡಾಕ್ಟರ್ ಗೋಪಣ್ಣನವರೇ, ಸಭಿಕರೇ,

ಮೊದಲು ಕ್ಷಮೆ ಕೇಳುತ್ತೇನೆ. ನಾನು ಓದುತ್ತಿರುವ ಈ ಕಾಗದವನ್ನು ಸಂಘದವರು ತೆಗೆದಿಡುತ್ತಾರಂತೆ. ಅಕ್ಷರ ಸೊಟ್ಟಗಿವೆ, ಕಾಗುಣಿತ ತಪ್ಪಿದೆ. ನಾಲ್ಕನೆಯ ತರಗತಿ ಮುಗಿಯುವಷ್ಟರಲ್ಲಿ ನಮ್ಮ ಹೊಲಕ್ಕೆ ಕಾಲುವೆ ನೀರು ಬಂತು. ನಾನು ಭತ್ತದ ಸಸಿ ಹಚ್ಚಲು ಹೋದೆ.

ಡಾಕ್ಟರನ್ನು ಹೊಗಳಲು ನನ್ನನ್ನು ಕರೆದಿದ್ದೀರಿ. ನಮ್ಮ ಜವಳಗೇರಾದಲ್ಲಿ ಅವರನ್ನು ಯಾರು ಹೊಗಳುತ್ತಿದ್ದರು? ಅವರ ಜೀಪು ಕಂಡರೆ ಗಿಡ್ಡಪ್ಪ ಕಾಕಾ, "ರಕ್ತಾ ತಗ್ಯಾಂವ ಬಂದಾನಲೇ, ಕಾಲುವಿ ಜಿಗೀರಿ!" ಎಂದು ಕೂಗುತ್ತಿದ್ದ. ಮೊದಲು ಜಿಗಿಯುತ್ತಿದ್ದವನೂ ಅವನೇ.

ನನ್ನ ಅಕ್ಕ ಅಮರಮ್ಮನನ್ನು ಮಸ್ಕಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ಒಮ್ಮೆ ಕಾಮಣಿಯಾಗಿ ಕಣ್ಣು ಹಳದಿಯಾದವು. ತವರಿಗೆ ಕರೆತಂದು, ಉಪ್ಪು ಬಿಡಿಸಿ ಸೊಪ್ಪಿನ ರಸ ಕುಡಿಸಿದೆವು. ಕಣ್ಣು ಬೆಳ್ಳಗಾದ ದಿನ ತಲೆಗೆ ನೀರು ಹಾಕಿ, ಹೋಳಿಗೆ ಮಾಡಿ, ರೋಗ ಹೋಯಿತು ಎಂದೆವು. ಕಣ್ಣಿನಿಂದ ಹೋದದ್ದು ರಕ್ತದಿಂದಲೂ ಹೋಯಿತೆಂದು ಯಾರು ಹೇಳಿದರು? ನಾವೇ ಹೇಳಿಕೊಂಡೆವು.

ಕೆಲವು ವರ್ಷಗಳ ಮೇಲೆ ಅವಳ ಹೊಟ್ಟೆ ಊದತೊಡಗಿತು. ಡಾಕ್ಟರು ರಕ್ತ ತೆಗೆದು ದೊಡ್ಡ ಊರಿಗೆ ಕಳಿಸಿದರು. ಉತ್ತರ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ಗರ್ಭದಲ್ಲಿರುವ ಕೂಸಿನ ರಕ್ತದಲ್ಲಿ ಒಂದು ಅಂಶ ಇರುತ್ತದೆ, ಹುಟ್ಟಿದ ಮೇಲೆ ಇಳಿದುಹೋಗುತ್ತದೆ, ಹಳೆಯ ಕಾಮಣಿ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಎಬ್ಬಿಸಿದರೆ ಅದು ಮತ್ತೆ ಕಾಣಿಸಬಹುದು, ಅಮರಮ್ಮನ ರಕ್ತದಲ್ಲಿ ಬಹಳ ಇದೆ.

ಅಕ್ಕ ಹಿಡಿದುಕೊಂಡದ್ದು ಕೂಸಿನ ಮಾತೊಂದನ್ನೇ. ಬಸ್ಸಿನಲ್ಲಿ ನನ್ನ ಕೈ ಒತ್ತಿ, "ಯಮನೂರೀ, ನನ್ನ ರಕ್ತದಾಗ ಕೂಸಿನ ಗುರುತು ಐತಂತ, ಕೇಳಿದಿಲ್ಲ?" ಎಂದಳು. ನಮ್ಮ ಮನೆಗೆ ಬಂದವಳೇ ಹಳೆಯ ಸೀರೆಯ ತುಂಡು ಹರಿದು ಕುಲಾವಿ ಹೊಲಿಯಲು ಕುಳಿತಳು.

ಡಾಕ್ಟರೇ ಮನೆಗೆ ಬಂದು ಮತ್ತೆ ಬಿಡಿಸಿ ಹೇಳಿದರು. ಅಕ್ಕ ಸೂಜಿ ಕೆಳಗಿಡಲಿಲ್ಲ. "ತಿಳದೈತ್ರೀ ಸಾಹೇಬ್ರ. ಅವತ್ತ ತಿಳದಿತ್ತು. ಇಷ್ಟು ಹೊಲದು ಮುಗಸ್ತೀನಿ, ಬಿಡ್ರಿ" ಎಂದಳು.

ಮುಗಿಸಿಯೇ ಹೋದಳು. ಈಗಲೂ ಸಸಿ ಹಚ್ಚುವಾಗ ಯಾರಾದರೂ "ಯಮನೂರೀ" ಎಂದರೆ ತಟ್ಟನೆ ತಿರುಗುತ್ತೇನೆ. ಅವಳಷ್ಟು ಎಳೆದು ಯಾರೂ ಕರೆಯುವುದಿಲ್ಲ.

ಈಗ ನನಗೆ ಆರು ತಿಂಗಳು. ಸಭೆಯಲ್ಲಿ ಹೇಳುವ ಮಾತಲ್ಲ, ಆದರೆ ನಿಮಗೆ ಕಾಣುತ್ತಲೇ ಇದೆ. ಅಕ್ಕನಿಗಿದ್ದ ಕಾಮಣಿ ಒಡಹುಟ್ಟಿದ ನನ್ನ ರಕ್ತದಲ್ಲೂ ಅಡಗಿರಬಹುದು, ನನ್ನಿಂದ ಕೂಸಿಗೂ ದಾಟಬಹುದು, ನೋಡಿಬಿಡೋಣ ಎಂದು ಡಾಕ್ಟರು ಬಂದಾಗಲೆಲ್ಲ ನಾನು, ಕಾಲುವೆ ಜಿಗಿಯಲಾಗದೆ, ಹುಲ್ಲಿನ ಬಣವೆಯ ಹಿಂದೆ ನಿಂತೆ. ಒಮ್ಮೆ ಸಿಕ್ಕಿಬಿದ್ದು, "ಗೊತ್ತಾಗಿ ಏನ್ ಮಾಡೂದ್ರೀ? ಔಷಧ ಐತೇನು?" ಎಂದು ಕೇಳಿದೆ.

"ಇಲ್ಲವ್ವ, ಇನ್ನೂ ಬಂದಿಲ್ಲ. ಗೊತ್ತಿದ್ರ ಆಗಾಗ ನೋಡಕೋಂತ ಇರಬಹುದು. ಗಡ್ಡಿ ಸಣ್ಣದಿದ್ದಾಗ ಸಿಕ್ಕೀತು. ಅಮರಮ್ಮಂದು ತಡ ಆತು."

ನನ್ನನ್ನು ಇಲ್ಲಿ ನಿಲ್ಲಿಸಿದ ಸಂಘದವರಿಗೂ, ಬಸ್ಸು ಬಿಟ್ಟು ಕುಳಿತು ಕೇಳಿದ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.

ಡಾಕ್ಟರ್ ಸಾಹೇಬರೇ, ಒಂದು ಮಾತು ಉಳಿಯಿತು. ಇವತ್ತು ಬೆಳಿಗ್ಗೆ ನೀವು ಸಾಮಾನು ಕಟ್ಟುವ ಮೊದಲೇ ಬಂದು ನಾನು ಕೈ ಚಾಚಿದೆನಲ್ಲ, "ಮುಷ್ಟಿ ಬಿಗಿ ಹಿಡಿಯವ್ವ" ಎಂದಿರಿ. ಹಿಡಿದೆ. ಆ ಮುಷ್ಟಿಯೊಳಗೆ ಅಕ್ಕನ ಕುಲಾವಿ ಇತ್ತು.