ರೀ, ಹಾಲು

ಬಾಗಿಲು ಹಾಕಿದ್ದೀರಿ ತಾನೇ? ಸರಿ. ಇದು ಯಾರೋ ಹೇಳಿದ್ದನ್ನ ಕೇಳಿ ಬಂದು ನಿಮಗೆ ಹೇಳ್ತಿರೋದಲ್ಲ. ನನ್ನ ಸ್ವಂತ ಬಾಮೈದನಿಗೆ ಆಗಿದ್ದು, ನಾನೂ ಅಲ್ಲೇ ಇದ್ದೆ. ಮಧ್ಯದಲ್ಲಿ ಯಾರಾದರೂ ಕಿಸಕ್ ಅಂದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಅವತ್ತು ರಾತ್ರಿ ನಾವಿಬ್ಬರೂ ಅವನ ಮನೆ ಕಡೆ ನಡೆದುಕೊಂಡು ಬರ್ತಿದ್ವಿ. ಅವನ ಕೆಲಸ ಮುಗಿಯೋದು ತಡ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸ್ತಾನೆ. ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಅದರ ಪಕ್ಕ ಬಂದಾಗ ಸದ್ದು ಕೇಳಿಸ್ತು.

ಟಪ್... ಟಪ್ ಟಪ್... ಟಪ್.

ಅವನು ನಿಂತುಬಿಟ್ಟ.

“ನೀರು ತೊಟ್ಟಿಕ್ತಿದೆ, ನಡಿ,” ಅಂದೆ.

“ಒಣ ಬಾವಿ, ಭಾವ.”

“ಹಾಗಾದ್ರೆ ಕಪ್ಪೆ ಇರಬೇಕು.”

ಅವನು ಜಾಲರಿ ಹತ್ತಿರ ಬಗ್ಗಿ ಕಿವಿ ಕೊಟ್ಟ. ಆಮೇಲೆ ಪಿಸುದನಿಯಲ್ಲಿ, “ಅವಳು ನನಗೆ ಕಾಯೋವಾಗ ಹೀಗೇ ಕೀಬೋರ್ಡ್ ಒತ್ತೋಳು,” ಅಂದ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸೋನು. ಬ್ರೇಕ್ ಯಾವುದು, ಕ್ಲಚ್ ಯಾವುದು ಅಂತ ಗೊತ್ತಿಲ್ಲದವರ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂರೋನು. ಸುಲಭಕ್ಕೆ ಹೆದರೋ ಆಸಾಮಿ ಅಲ್ಲ. ಆದರೂ ಅವನ ಮಾತು ಕೇಳಿ ಅಲ್ಲಿ ನಿಲ್ಲೋಕಾಗಲಿಲ್ಲ. ರಟ್ಟೆ ಹಿಡಿದು ಎಳಕೊಂಡೇ ಬಂದೆ.

ಅವಳು ಅಂದರೆ ಅವನ ಹೆಂಡತಿ. ಹೋಗಿ ಕೆಲವು ತಿಂಗಳಾಗಿತ್ತು. ಜ್ವರ ಅಂತ ಮಲಗಿದೋಳು ಏಳಲೇ ಇಲ್ಲ. ಇವನಿಗೂ ಅದೇ ಜ್ವರ. ಇವನೇನೋ ಬದುಕಿಕೊಂಡ, ಆದರೆ ಮೂಗು ಹೋಯ್ತು. ಪಕ್ಕದಲ್ಲೇ ಏನು ಸೀದು ಕರಕಲಾದರೂ ವಾಸನೆ ಗೊತ್ತಾಗಲ್ಲ. ಮೂಗಿನ ಜೊತೆ ಇನ್ನೂ ಏನೇನೋ ಹೋಗಿತ್ತು ಅನ್ನಿ. ಅವನು ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ. ಮಾರನೇ ವಾರ ಕೆಲಸಕ್ಕೆ ಹೋದ, ಲೆನ್ಸ್ ಉಜ್ಜಿದ, ಬಂದ, ಕೂತ. ಏನು ಕೇಳಿದರೂ “ಹೂಂ”. ಊಟ ಮಾಡಿದ್ಯಾ ಅಂದರೂ “ಹೂಂ”, ಮಾಡಿಲ್ವಾ ಅಂದರೂ “ಹೂಂ”. ನನ್ನ ಹೆಂಡತಿಗೆ, ಅಂದರೆ ಅವನ ಅಕ್ಕನಿಗೆ, ದಿಗಿಲು ಹತ್ತಿತು. “ನೀವು ಸ್ವಲ್ಪ ದಿನ ಅಲ್ಲೇ ಹೋಗಿ ಮಲ್ಕೊಳ್ಳಿ. ಇವನೂ ಅವಳ ಹಿಂದೇನೇ ಹೊರಟುಬಿಟ್ರೆ ಏನ್ರೀ ಮಾಡೋದು?” ಅಂದಳು. ಹಾಗಾಗಿ ನಾನು ಅಲ್ಲಿ ಕಾವಲು.

ಈಗ ಆ ಆಟದ ವಿಷಯ ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರಿನಲ್ಲಿ ಒಂದು ಆನ್‌ಲೈನ್ ಆಟ ಆಡ್ತಿದ್ರು. ಊಟದ ಮೇಜಿನ ಮೇಲೆ ಎರಡು ಕಂಪ್ಯೂಟರು, ಬೆನ್ನಿಗೆ ಬೆನ್ನು. ಹಾಗಾದರೆ ಊಟ ಎಲ್ಲಿ ಮಾಡ್ತಿದ್ರು ಅಂತ ಕೇಳಬೇಡಿ, ತೊಡೆ ಮೇಲೆ. ಆಟದೊಳಗೆ ಒಂದೊಂದು ವೇಷ ಹಾಕ್ಕೊಂಡು ಕಾಡು ಮೇಡು ಸುತ್ತೋದು. ಯಾರೋ ಒಬ್ಬ ಮುದುಕ ತೋಳ ಹೊಡಿ ಅಂತಾನೆ, ಇನ್ನೊಬ್ಬಳು ದೀಪ ತಂದುಕೊಡು ಅಂತಾಳೆ. ಅದನ್ನ ಕ್ವೆಸ್ಟ್ ಅಂತಾರೆ. ಬಿಟ್ಟಿ ಚಾಕರಿ ಅಂತ ನಾನು ಅಂತೀನಿ. ಇವನ ವೇಷದ ಹೆಸರು ಬೆಳ್ಳಿಕೊಡಲಿ. ಅವಳ ವೇಷದ ಹೆಸರು ಮಂಡಿನೋವು. ಅವಳು ಹಾಗೇನೇ.

ಕ್ವೆಸ್ಟ್ ಒಂದೆರಡಲ್ಲ, ರಾಶಿ. ಯಾವುದು ಎಲ್ಲಿಗೆ ಬಂತು ಅಂತ ನೆನಪಿಡೋಕೆ ಆಟದ ಮೇಲೆ ಇನ್ನೊಂದು ಸಣ್ಣ ಸಾಫ್ಟ್‌ವೇರ್ ಕೂರಿಸ್ಕೋತಾರೆ. ಆಡ್‌ಆನ್ ಅಂತಾರೆ. ಇವನಿಗೆ ಅದು ಕಂಡರೆ ಆಗದು. ಬಾಣ ನೋಡ್ಕೊಂಡು ಓಡೋದಾದರೆ ಆಟ ಯಾಕೆ ಅನ್ನೋನು. ಅವಳೋ, “ದಾರಿ ತಪ್ಪಿ ಸುತ್ತೋದು ನಿಮಗೆ ಆಟ, ನನಗೆ ಮಂಡಿನೋವು” ಅಂತ ಹಟ ಮಾಡಿ ತಾನೇ ಒಂದನ್ನ ಆರಿಸಿ ಇಬ್ಬರ ಕಂಪ್ಯೂಟರಿಗೂ ಹಾಕಿದ್ದಳು. ಪರದೆಯ ಬಲಗಡೆ ಒಂದು ಪಟ್ಟಿ. ಮೇಲೆ ಇವನ ಹೆಸರು, ಅದರ ಕೆಳಗೆ ಇವನ ಕೆಲಸಗಳು. ಆಮೇಲೆ ಅವಳ ಹೆಸರು, ಅವಳ ಕೆಲಸಗಳು. ನಮ್ಮದೇ ಸಾಲನ್ನೂ ಬರೆದು ಸೇರಿಸಬಹುದು, ಜೊತೆಯವರ ಪರದೆಯಲ್ಲೂ ಅದು ಕಾಣುತ್ತೆ.

ಅವಳು ಆ ಪಟ್ಟಿಯಲ್ಲಿ ಸಂಸಾರ ಮಾಡಿದಳು. ಇವನ ಕಿವಿಗೆ ಹೆಡ್‌ಫೋನ್, ಕೂಗಿದರೆ ಕೇಳಿಸಲ್ಲ. ಅದಕ್ಕೆ ತೋಳದ ಲೆಕ್ಕ, ದೀಪದ ಲೆಕ್ಕದ ಕೆಳಗೆ ಬರೆಯೋಳು: “ರೀ, ಹಾಲು.” ಇವನು ಎದ್ದು ಹೋಗಿ ಒಲೆ ಆರಿಸಿ ಬರಬೇಕು. ಬರೆದವರು ಮಾತ್ರ ಆ ಸಾಲಿಗೆ ಟಿಕ್ ಹಾಕೋ ಹಾಗೆ ಇಟ್ಟಿದ್ದಳು, ಯಾಕಂದರೆ ಈ ಮಹಾಶಯ ಕೂತಲ್ಲೇ ಸುಳ್ಳು ಟಿಕ್ ಹಾಕ್ತಿದ್ದ. ಇವನು ಬಂದು ಕೂರೋವರೆಗೂ ಅವಳ ಮಂಡಿನೋವು ಇದ್ದಲ್ಲೇ ಎಗರ್ತಾ ನಿಂತಿರ್ತಿತ್ತು. ಕೀಬೋರ್ಡಿನ ಉದ್ದ ಕೀ ಒತ್ತಿದರೆ ಎಗರುತ್ತೆ. ಟಪ್... ಟಪ್ ಟಪ್... ಟಪ್. ಯಾವತ್ತೋ ಕಾಫಿ ಚೆಲ್ಲಿ ಆ ಕೀ ಸ್ವಲ್ಪ ಅಂಟುತ್ತಿತ್ತು, ಹಾಗಾಗಿ ಸದ್ದು ಜೋರು.

ಅವಳು ಹೋದ ಮೇಲೆ ಅವಳ ಕಂಪ್ಯೂಟರನ್ನ ಅವನೇ ವೈರು ಸುತ್ತಿ ನನಗೆ ಕೊಟ್ಟ. “ನಿಮ್ಮನೇಲಿ ಇಟ್ಕೊಳ್ಳಿ ಭಾವ, ಇಲ್ಲಿ ಜಾಗ ಇಲ್ಲ.” ಮೇಜು ಅರ್ಧ ಖಾಲಿ ಬಿದ್ದಿತ್ತು. ನಾನು ತಂದು ನಮ್ಮ ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿದೆ.

ಸರಿ, ಬಾವಿಯ ರಾತ್ರಿಗೆ ಬರ್ತೀನಿ. ಮನೆಗೆ ಬಂದ್ವಿ. ಅವನು ಹಾಲು ಒಲೆ ಮೇಲೆ ಸಣ್ಣ ಉರಿಯಲ್ಲಿಟ್ಟು ಆಟ ತೆಗೆದ. ಆಟದ ಕಂಪನಿಯವರು ಅವತ್ತೇ ಏನೋ ಅಪ್‌ಡೇಟ್ ಬಿಟ್ಟಿದ್ದರಂತೆ, ಹಳೇ ಆಡ್‌ಆನ್‌ಗಳೆಲ್ಲ ಕೆಟ್ಟು ಪರದೆ ಬೋಳಾಗಿತ್ತು. ಪಟ್ಟಿ ಇಲ್ಲ. ಅವಳ ಹೆಸರೂ ಇಲ್ಲ. ಅದನ್ನೇ ಸುಮ್ಮನೆ ನೋಡ್ತಾ ಕೂತ. ನೋಡೋಕಾಗಲಿಲ್ಲ ನನಗೆ.

“ಹೊಸದು ಯಾವುದಾದ್ರೂ ಹಾಕಪ್ಪ,” ಅಂದೆ.

ಒಂದೊಂದಾಗಿ ಹಾಕಿ ನೋಡಿದ. ಮೊದಲನೆಯದರಲ್ಲಿ ನೆತ್ತಿ ಮೇಲೆ ದೊಡ್ಡ ಬಾಣ. “ಇದು ಚೆನ್ನಾಗಿದೆ, ನನ್ನ ಸ್ಟೂಡೆಂಟುಗಳಿಗೂ ಒಂದೊಂದು ಕೊಡ್ಸು,” ಅಂದೆ. ನಗಲಿಲ್ಲ, ತೆಗೆದ. ಎರಡನೆಯದು ಹಾಕಿದರೆ ಮೈಗೆ ಬೆವರುಸಾಲೆ ಎದ್ದ ಹಾಗೆ ನಕ್ಷೆ ತುಂಬ ಚುಕ್ಕಿ. ಅದನ್ನೂ ತೆಗೆದ. ಮೂರನೆಯದು ಹೆಂಗಸಿನ ದನಿಯಲ್ಲಿ ದಾರಿ ಹೇಳೋದು. “ಎಡಕ್ಕೆ ತಿ...” ಅನ್ನೋಷ್ಟರಲ್ಲಿ ಕಿತ್ತು ಹಾಕಿದ. ಕೊನೆಗೆ ಅವಳು ಆರಿಸಿದ್ದೇ ಸಿಕ್ಕಿತು, ರಿಪೇರಿ ಮಾಡಿ ಮತ್ತೆ ಬಿಟ್ಟಿದ್ದರು.

“ಮಿಕ್ಕಿದ್ದೆಲ್ಲ ದಾರಿ ತೋರಿಸ್ತವೆ ಭಾವ,” ಅಂದ. “ಇದು ಯಾರ ಕೆಲಸ ಅಂತಾನೂ ತೋರಿಸುತ್ತೆ.”

ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತಲ್ಲ... ಸೆಟ್ಟಿಂಗಿನಲ್ಲಿ ಹಳೇ ತರಾನೇ ಎಲ್ಲಾ ಚೌಕಕ್ಕೂ ಗುರುತು ಹಾಕುತ್ತಾ ಹೋದ. “ಜೊತೆಗಾರರ ಕೆಲಸ ತೋರಿಸು” ಅನ್ನೋದಕ್ಕೂ ಹಾಕಿದ. ಜೊತೆಗಾರರೇ ಇಲ್ಲ. ಅದೊಂದೇ ಅವನು ಮಾಡಿದ ತಪ್ಪು, ತಪ್ಪು ಅನ್ನೋದಾದರೆ. ನಾನು ಒಳಕೋಣೆಗೆ ಹೋಗಿ ಬಾಗಿಲು ಎಳಕೊಂಡು ಮಲಗಿದೆ.

ಯಾವುದೋ ಹೊತ್ತಿನಲ್ಲಿ ಎಚ್ಚರ ಆಯ್ತು.

ಟಪ್... ಟಪ್ ಟಪ್... ಟಪ್.

ಗೋಡೆಯಾಚೆ. ಊಟದ ಮೇಜಿನ ಕಡೆಯಿಂದ. ಎದ್ದು ಬಾಗಿಲು ತೆಗೆದೆ. ಮೂಗಿಗೆ ಹೊಡೀತು ನೋಡಿ... ಗ್ಯಾಸ್. ಅಡುಗೆಮನೆಯಿಂದ ಸ್ಸ್ಸ್ಸ್ ಅಂತ ಸಣ್ಣ ಸದ್ದು. ಹಾಲು ಉಕ್ಕಿ ಬೆಂಕಿ ಆರಿ, ಗ್ಯಾಸ್ ಹಾಗೇ ಬರ್ತಿದೆ. ಇವನು ಹೆಡ್‌ಫೋನ್ ಹಾಕ್ಕೊಂಡು ಮೇಜಿನ ಪಕ್ಕ ನಿಂತಿದ್ದಾನೆ. ಮೇಜಿನ ಮೇಲೆ ಸೊಳ್ಳೆಬತ್ತಿ, ಒಂದು ಕೈಯಲ್ಲಿ ಬೆಂಕಿಪೊಟ್ಟಣ. ಇನ್ನೊಂದರಲ್ಲಿ ಬೆಂಕಿಕಡ್ಡಿ, ಪೊಟ್ಟಣಕ್ಕೆ ತಾಗಿಸಿ ಹಿಡಿದಿದ್ದಾನೆ... ಗೀರಿಲ್ಲ. ಕಣ್ಣು ಪರದೆ ಮೇಲೆ.

ಓಡಿ ಹೋಗಿ ಕಡ್ಡಿ ಕಿತ್ತುಕೊಂಡೆ, ಗ್ಯಾಸ್ ನಿಲ್ಲಿಸಿದೆ, ಕಿಟಕಿಗಳನ್ನೆಲ್ಲ ದಡಬಡ ತೆಗೆದೆ. ಬಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ಪರದೆ ಕಡೆ ಬೆರಳು ತೋರಿಸಿದ, ಅಷ್ಟೇ.

ಪಟ್ಟಿಯಲ್ಲಿ ಬೆಳ್ಳಿಕೊಡಲಿ. ಅದರ ಕೆಳಗೆ ಮಂಡಿನೋವು. ಅದರ ಕೆಳಗೆ ಎರಡು ಸಾಲು.

ರೀ, ಹಾಲು.

ರೀ, ಕಡ್ಡಿ ಗೀರ್ಬೇಡಿ.

“ಹಳೇದು ಯಾವುದೋ ಉಳಿದುಕೊಂಡಿರಬೇಕು ಕಣೋ,” ಅಂದೆ. ಪಿಸುಗುಟ್ಟಿದೆ, ಯಾಕೆ ಅಂತ ಗೊತ್ತಿಲ್ಲ.

“ಹಾಲು ಹಳೇದು,” ಅಂದ. “ಕಡ್ಡಿ ವಿಷಯ ಅವಳು ಯಾವತ್ತೂ ಬರೆದಿರ್ಲಿಲ್ಲ.”

ನಾವು ನೋಡ್ತಾ ಇದ್ದ ಹಾಗೇ ಮೊದಲನೇ ಸಾಲಿಗೆ ಟಿಕ್ ಬಿತ್ತು. ಆಮೇಲೆ ಎರಡನೆಯದಕ್ಕೆ. ಅವನ ಎರಡು ಕೈಯೂ ಮೇಜಿನ ಮೇಲೆ ಖಾಲಿ ಇದ್ದವು. ನಾನೇ ನೋಡಿದ್ದೀನಿ.

ದೆವ್ವ ಅಂದರೆ ಇಷ್ಟೇನಾ ಅಂತೀರಾ? ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆಮೇಲೆ, ಅದೂ ಹಾಡಹಗಲಲ್ಲಿ.

ಎರಡು ದಿನ ಬಿಟ್ಟು ಅವನಿಗೆ ರಜ. ಮಧ್ಯಾಹ್ನ ಅಂಗಡಿಗೆ ಹೋಗಿ ಬ್ರೆಡ್ಡು ತಗೊಂಡು ಬಂದೆ. ಬಾಗಿಲು ತೆಗೆದರೆ ಅದೇ ವಾಸನೆ. ಇವನು ಪರದೆ ಮುಂದೆ ನೆಟ್ಟಗೆ ಕೂತಿದ್ದಾನೆ. ಅಡುಗೆಮನೆಯಲ್ಲಿ ಪಾತ್ರೆ ತುಂಬ ಹಾಲು, ಅಂಚಿನವರೆಗೆ. ಯಾರಾದರೂ ಅಷ್ಟು ತುಂಬಿಸಿ ಹಾಲು ಕಾಯಿಸ್ತಾರಾ? ಉಕ್ಕಿ ಇಳಿದಿದೆ, ಬೆಂಕಿ ಆರಿದೆ, ಸ್ಸ್ಸ್ಸ್...

“ಏನೋ ಇದು!”

“ಸ್ವಲ್ಪ ತಾಳಿ ಭಾವ. ಬರೀತಾಳೆ.”

ಆ ದನಿ ಹೇಗಿತ್ತು ಅಂದರೆ... ಬಸ್ ಬರುತ್ತೆ ತಾಳಿ ಅಂತೀವಲ್ಲ, ಹಾಗೆ. ಆಸೆಯೂ ಇಲ್ಲ, ಸಂಕಟವೂ ಇಲ್ಲ. ನನಗೆ ಅರ್ಥ ಆಯ್ತು. ಇವನು ಇನ್ನು ದಿನಾ ಹೀಗೇ ಮಾಡ್ತಾನೆ. ಅವಳು ಬರೆಯಲಿ ಅಂತ ದಿನಾ ಹಾಲು ಉಕ್ಕಿಸಿ ಗ್ಯಾಸ್ ಬಿಟ್ಟುಕೊಂಡು ಕೂರ್ತಾನೆ. ಯಾವತ್ತೋ ಒಂದು ದಿನ ನಾನಿರಲ್ಲ, ಅವಳೂ ಬರೆಯಲ್ಲ. ನಾನು ಬಾಗಿಲು ಪೂರ್ತಿ ತೆಗೆದಿಟ್ಟು ಅಡುಗೆಮನೆ ಕಡೆ ಹೊರಟೆ.

“ಮುಟ್ಟಬೇಡಿ!” ಅಂದ. ಅವನ ಬಾಯಿಂದ ಅಷ್ಟು ತಿಂಗಳಲ್ಲಿ ಬಂದ ಮೊದಲ ಗಟ್ಟಿ ಮಾತು. ಆಮೇಲೆ ಮೆತ್ತಗೆ, “ಭಾವ... ಬಂತು.”

ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಪಟ್ಟಿಯಲ್ಲಿ ಮಂಡಿನೋವು ಅನ್ನೋ ಹೆಸರಿತ್ತು. ಅದರ ಕೆಳಗೆ ಏನೂ ಇಲ್ಲ, ಖಾಲಿ. ಹೊಸ ಸಾಲು ಬಂದಿದ್ದು ಮೇಲೆ, ಬೆಳ್ಳಿಕೊಡಲಿಯ ಕೆಳಗೆ. ಅವನದೇ ಹೆಸರಿನಲ್ಲಿ, ಅವನೇ ಬರೆದುಕೊಂಡ ಹಾಗೆ.

ಒಲೆ ಆರಿಸಬೇಕು.

ಅವನು ಕಾದ. ನಾನೂ ಕಾದೆ, ಮೂಗು ಮುಚ್ಚಿಕೊಂಡು. ಟಿಕ್ ಬೀಳಲಿಲ್ಲ. ಹೇಗೆ ಬೀಳುತ್ತೆ? ಯಾರ ಸಾಲೋ ಅವರೇ ಹಾಕಬೇಕು. ಆಗ ಕೇಳಿಸ್ತು, ಒಂದೇ ಸಲ, ತುಂಬ ಮೆತ್ತಗೆ. ಟಪ್.

“ನಂದೇ ಅಂತೆ, ಭಾವ,” ಅಂದ.

ಎದ್ದ. ತಾನೇ ಹೋಗಿ ಒಲೆಯ ನಾಬ್ ತಿರುಗಿಸಿ ಗ್ಯಾಸ್ ನಿಲ್ಲಿಸಿದ. ಕಿಟಕಿ ತೆಗೆದ. ಬಟ್ಟೆ ತಗೊಂಡು ಚೆಲ್ಲಿದ ಹಾಲನ್ನೆಲ್ಲ ಒರೆಸಿದ, ಬರ್ನರಿನ ತೂತು ತೂತನ್ನೂ ಬಿಡದೆ, ಲೆನ್ಸ್ ಒರೆಸೋ ಹಾಗೆ. ಬಂದು ಕೂತು ಆ ಸಾಲಿಗೆ ಟಿಕ್ ಹಾಕಿದ. ಅವನು ಟಿಕ್ ಹಾಕಿದ್ದೇ ತಡ, ಕೆಳಗಿದ್ದ ಅವಳ ಹೆಸರು ಹೋಯ್ತು. ಮಸುಕಾಗಿ ಗಿಸುಕಾಗಿ ಅಲ್ಲ. ಇತ್ತು, ಇಲ್ಲ.

ಅಳಬೇಕಾದೋನು ಅಳಲಿಲ್ಲ. ಬ್ರೆಡ್ಡಿನ ಪೊಟ್ಟಣ ಎದೆಗೆ ಹಿಡಿದುಕೊಂಡು ನಾನು ಅತ್ತೆ, ನಾಚಿಕೆ ಬಿಟ್ಟು. ಅವನು ನನ್ನ ಕೈಯಿಂದ ಅದನ್ನ ತಗೊಂಡು, ಎರಡು ಚೂರು ತಿಂದ. ಕೇಳದೇನೇ ತಿಂದ.

ಈಗಲೂ ಇದ್ದಾನೆ. ಲೆನ್ಸ್ ಉಜ್ತಾನೆ, ಆಟ ಆಡ್ತಾನೆ. ಅದೇ ಆಡ್‌ಆನ್. ಪಟ್ಟಿಯಲ್ಲಿ ತೋಳದ ಲೆಕ್ಕದ ಕೆಳಗೆ ತಾನೇ ಬರೆದುಕೊಳ್ತಾನೆ, ಹಾಲು, ಬಾಗಿಲು, ಊಟ. ಮಾತು ಇನ್ನೂ ಕಡಿಮೆಯೇ. ನನ್ನ ಹೆಂಡತಿ ಕಾವಲು ಸಾಕು ಅಂದಳು, ನಾನು ಮನೆಗೆ ಬಂದೆ.

ಬಂದ ದಿನ ಯಾಕೋ ಸಾಮಾನಿನ ಕೋಣೆ ತೆಗೆದೆ. ಅದರ ಬೀಗದಕೈ ಇರೋದು ಒಂದೇ. ನನ್ನ ಕಾರಿನ ಕೀ ಜೊತೆ ಜೇಬಿನಲ್ಲೇ ಇರುತ್ತೆ, ನೋಡಿ, ಇದೇ. ಅವಳ ಕಂಪ್ಯೂಟರು ಹಳೇ ಟೈರುಗಳ ಪಕ್ಕ ನಾನು ಇಟ್ಟ ಹಾಗೇ ಇತ್ತು. ವೈರು ಸುತ್ತಿದ್ದು ಸುತ್ತಿದ ಹಾಗೇ. ಮೇಲೆ ಕೀಬೋರ್ಡ್. ಧೂಳು ಅಂದರೆ ಧೂಳು, ಅಕ್ಷರ ಕಾಣದಷ್ಟು.

ಉದ್ದ ಕೀ ಮೇಲೆ ಮಾತ್ರ ಒಂದಿಷ್ಟೂ ಧೂಳಿರಲಿಲ್ಲ. ನನ್ನ ಕಣ್ಣಾರೆ ನೋಡಿದ್ದು. ಬೇಕಾದರೆ ಬನ್ನಿ, ಬೀಗದಕೈ ಇಲ್ಲೇ ಇದೆ. ನಾನು ಇನ್ನೂ ಒರೆಸಿಲ್ಲ.