ಸೋಬಾನೆಯ ಸರದಿ

ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಹುಡುಗಿಯ ಫೋನು ಸೋಬಾನೆ ಹಾಡುತ್ತಿತ್ತು. ಕತ್ತಿಗೆ ಬ್ಯಾಂಡೇಜು ಸುತ್ತಿದ್ದ ಹೆಂಗಸು ಪಿಸುದನಿಯಲ್ಲಿ ತಡೆದಳು.

“ನಿಲ್ಸು ರಂಜಿತ. ಅರಿಸ್ನಕ್ಕೆ ಮುಂಚೇನೇ ಹೆಣ್ಣೊಪ್ಸೋ ಪದ ಬಂತಲ್ಲ!”

“ಆಪರೇಸನ್‌ಗೆ ಮುಂಚೆ ನೀನು ಬಿಡಿಬಿಡಿಯಾಗಿ ಹಾಡಿದ್ದ ಒಂಬತ್ತನ್ನೂ ಆನ್‌ಲೈನಲ್ಲಿ ಒಂದೇ ಫೈಲ್ ಮಾಡ್ದೆ ದೊಡ್ಡವ್ವ. ಅದು ಹಿಂದುಮುಂದಾಗಿ ಸೇರಿಸ್ಬುಟ್ಟದೆ.”

“ಮದ್ವೆ ಮನೇಲಿ ಇದ್ನೇ ಹಾಕಿದ್ರೆ ನಗ್ತಾರೆ ಕಣವ್ವ.”

“ಮೂರ್ ಸಲ ಸೇರ್ಸಿ ಸಾಕಾಗೋಯ್ತು. ಯಾವ್ದಾದ್ಮೇಲೆ ಯಾವ್ದು ಅಂತ ನೀನೇ ಹೇಳ್ಬುಡು, ಬರ್ಕತೀನಿ.”

ದೊಡ್ಡವ್ವ ಬೆರಳು ಮಡಚುತ್ತಾ ಎರಡಕ್ಕೇ ನಿಂತಳು.

“ಇಂಗೆ ಕೇಳಿದ್ರೆ ಗೊತ್ತಾಗಾಕಿಲ್ಲ ಮಗ. ಹಾಡ್ತಾ ಹೋದ್ರೆ ಒಂದರ ಹಿಂದೆ ಒಂದು ತಾವೇ ಬರೋವು.”

ಹುಡುಗಿ ಪೆನ್ನು ಮುಚ್ಚಿದಳು. ಮೇಲುಕೋಟೆ ಬಸ್ಸು ಬಂತು. ಇಬ್ಬರೂ ಹತ್ತಿದರು.