ಎರಡೂ ಅರ್ಧ ಒಂದೇ ಕಂಬಗಳ ನಡುವೆ

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳನ್ನು ಈಗಷ್ಟೇ ಹೇಳಿ ಕೂತಿರುವ ಮುಖ್ಯ ಅತಿಥಿಗಳೇ, ಆಗಲೇ ಎರಡು ಸಲ ಗಡಿಯಾರ ನೋಡಿದ ನಮ್ಮ ಕಾರ್ಯದರ್ಶಿಗಳೇ, ಕ್ಲಬ್ಬಿನ ಆಟಗಾರರೇ, ಅವರ ಮನೆಯವರೇ, ಸಭಿಕರೇ,

ನಾನು ಮಾತುಗಾರನಲ್ಲ. ಹಗಲು ವೆಲ್ಡಿಂಗ್ ಮಾಡುವವನು, ಸಂಜೆ ಫುಟ್‌ಬಾಲಿನಲ್ಲಿ ಗೋಲ್ ಕಾಯುವವನು. ವೆಲ್ಡಿಂಗ್ ಮಾಡುವಾಗ ಮಾತಾಡಿದರೆ ಕೇಳಿಸುವುದಿಲ್ಲ, ಗೋಲ್‌ನಲ್ಲಿ ನಿಂತು ಕೂಗಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಇಷ್ಟು ಜನ ಸುಮ್ಮನೆ ಕೂತು ನನ್ನ ಬಾಯಿಯನ್ನೇ ನೋಡುತ್ತಿರುವುದು ಇದೇ ಮೊದಲು. ನಾಲಿಗೆ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಸನ್ಮಾನ ಯಾಕೆ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ಗಡಿಯಾಚೆಯ ಕ್ಲಬ್ಬನ್ನು ಫೈನಲ್‌ನಲ್ಲಿ ಒಂದು ಗೋಲಿನಿಂದ ಸೋಲಿಸಿ ಕಪ್ ತಂದಿದ್ದೇವಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಆದರೆ ಮುಖ್ಯ ಅತಿಥಿಗಳು ಬೇರೆಯದೇ ಹೇಳಿದರು. "ಮೈಮೇಲೆ ಯಾರ ಜೆರ್ಸಿ ಇದ್ದರೇನು, ನಮ್ಮ ಗೋಡೆಯ ಮನಸ್ಸು ನಮ್ಮ ಕಡೆಗೇ ಇತ್ತು. ಬೇಕಾದ ಹೊತ್ತಿಗೆ ಬೇಕಾದ ಕಡೆಗೆ ಹಾರಿದ" ಅಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಗೋಡೆ ಅಂದರೆ ನಾನೇ, ನೀವೇ ಇಟ್ಟ ಹೆಸರು. ಚಪ್ಪಾಳೆ ಕೇಳಿ ನಾನೂ ಅರ್ಧ ನಕ್ಕೆ. ಆಮೇಲೆ ಯೋಚಿಸಿದೆ, ಇವರು ನನ್ನನ್ನು ಹೊಗಳಿದರೋ, ಕಳ್ಳ ಅಂದರೋ?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಲೀಗು ಮುಗಿಯುವ ಹೊತ್ತಿಗೆ ಆ ಕಡೆಯ ಲೀಗು ಶುರುವಾಗುತ್ತದೆ. ಹನ್ನೊಂದು ವರ್ಷದಿಂದ ಆರು ತಿಂಗಳು ಇಲ್ಲಿ ನೀಲಿ ಜೆರ್ಸಿ, ಆರು ತಿಂಗಳು ಅಲ್ಲಿ ಹಸಿರು ಜೆರ್ಸಿ. "ಬೇರೆಯವರ ಮನೆಯಲ್ಲಿ ಹೆಂಡತಿ ತವರಿಗೆ ಹೋಗ್ತಾಳೆ, ನಮ್ಮನೇಲಿ ಗಂಡ ಹೋಗ್ತಾನೆ" ಎಂದು ನನ್ನ ಹೆಂಡತಿ ಅಕ್ಕಪಕ್ಕದವರಿಗೆ ಹೇಳುತ್ತಾಳೆ. ಗಡಿಯ ಕೌಂಟರಿನಲ್ಲಿ ಒಬ್ಬ ಗುಮಾಸ್ತರಿದ್ದಾರೆ. ಪ್ರತಿ ಸಲವೂ ಕೇಳುತ್ತಾರೆ, "ಹೊರಟಿದ್ದೀರೋ, ವಾಪಸ್ ಬರ್ತಿದ್ದೀರೋ?" ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಥಟ್ಟನೆ ಉತ್ತರ ಕೊಟ್ಟಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟವನು ಎಂದು ನೀವು ಹೇಳಬಹುದು. ಆದರೆ ಒಂದು ದೋಣಿ ನೀರಲ್ಲಿದ್ದಾಗ ಇನ್ನೊಂದು ದಡದಲ್ಲಿರುತ್ತಿತ್ತು ಸ್ವಾಮಿ! ಈ ವರ್ಷ ಎರಡೂ ಕಡೆಯ ದೊಡ್ಡವರು ಸೇರಿ ಎರಡು ಲೀಗಿನ ಎಂಟು ಕ್ಲಬ್ಬುಗಳ ಪಂದ್ಯಾವಳಿ ಮಾಡೋಣ ಅಂದರು. ನಮ್ಮ ಕಾರ್ಯದರ್ಶಿಗಳು ಪಟ್ಟಿಯಲ್ಲಿ ನನ್ನ ಹೆಸರು ಬರೆದರು, ಅವರ ಕಾರ್ಯದರ್ಶಿಗಳೂ ಬರೆದರು. ನಮ್ಮ ಪಟ್ಟಿಯನ್ನು ನಮ್ಮ ಸಮಿತಿ ನೋಡಿತು, ಅವರ ಪಟ್ಟಿಯನ್ನು ಅವರ ಸಮಿತಿ ನೋಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ನೀನು ಯಾಕೆ ಬಾಯಿ ಬಿಡಲಿಲ್ಲ ಅನ್ನುತ್ತೀರಿ. ಯಾರಾದರೂ ಕೇಳುತ್ತಾರೆ ಅಂತ ಕಾದೆ. ಯಾರೂ ಕೇಳಲಿಲ್ಲ. ಶನಿವಾರ ಅಲ್ಲಿ ಆಡಿದೆ, ಬಸ್ಸು ಹತ್ತಿದೆ, ಭಾನುವಾರ ಇಲ್ಲಿ ಆಡಿದೆ. ಎರಡೂ ತಂಡ ಗೆಲ್ಲುತ್ತಾ ಬಂದವು. ಚೆನ್ನಾಗಿ ಆಡಿದ್ದೇ ತಪ್ಪಾಯಿತು.

ಫೈನಲ್ ದಿನ ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಎರಡೂ ಸಮಿತಿಯವರು ವಾದ ಮಾಡಿದರು. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ತೀರ್ಮಾನ ಮಾಡಿದರು. ಮೊದಲರ್ಧ ಅವರಿಗೆ, ಎರಡನೆಯ ಅರ್ಧ ನಮಗೆ. ನಾನು ಅವರಿಗೆ ಕಾಯುವಾಗ ನಮ್ಮ ಗೋಲಿಗೆ ನಮ್ಮ ಎರಡನೆಯ ಕೀಪರ್, ನಮಗೆ ಕಾಯುವಾಗ ಅವರ ಗೋಲಿಗೆ ಅವರ ಎರಡನೆಯವನು. ಆದರೆ ಒಂದು ವಿಷಯ ಯಾರಿಗೂ ಹೊಳೆದಿರಲಿಲ್ಲ. ಅರ್ಧ ಮುಗಿದ ಮೇಲೆ ತಂಡಗಳು ಬದಿ ಬದಲಿಸುತ್ತವೆ, ಅಲ್ಲವೇ? ಎಲ್ಲರೂ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋದರು. ನಾನು ಹಸಿರು ಬಿಚ್ಚಿ ನೀಲಿ ಹಾಕಿಕೊಂಡು ಅದೇ ಗೋಲಿನಲ್ಲಿ, ಅದೇ ಎರಡು ಕಂಬಗಳ ನಡುವೆ ನಿಂತೆ. ನೀರಿನ ಬಾಟಲಿಯನ್ನೂ ಸರಿಸಬೇಕಾಗಲಿಲ್ಲ. ಹಿಂದಿನಿಂದ ಯಾರೋ, "ಏಯ್ ಗೋಡೆ, ಈಗ ಯಾರ ಕಡೆಯೋ ನೀನು?" ಎಂದು ಕೂಗಿದರು. ಎದೆಯ ಮೇಲಿನ ಬಣ್ಣ ನೋಡಿಕೊಂಡು ಉತ್ತರ ಕೊಟ್ಟೆ. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಈಗ ಆ ಗೋಲಿನ ವಿಷಯ. ಮೊದಲರ್ಧದಲ್ಲಿ ನಮ್ಮವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ನನ್ನ ಭಾಮೈದ. ಅಲ್ಲಿ, ನಾಲ್ಕನೆಯ ಸಾಲಿನಲ್ಲಿ ಕೂತಿದ್ದಾನೆ. ಎಲೆಕ್ಟ್ರಿಷಿಯನ್, ನಮ್ಮ ಮನೆಯ ಮಹಡಿ ಮೇಲೇ ಇರುವವನು. ನಮ್ಮ ಶೆಡ್ಡಿನ ಹಿಂದಿನ ಅಂಗಳದಲ್ಲಿ ಅವನು ನನಗೆ ಎಷ್ಟು ಸಾವಿರ ಸಲ ಹೊಡೆದಿದ್ದಾನೋ! ಯಾವಾಗಲೂ ನನ್ನ ಬಲಕ್ಕೇ ಹೊಡೆಯುತ್ತಾನೆ. ಅದು ನನಗೆ ಗೊತ್ತು. ನನಗೆ ಗೊತ್ತು ಎಂಬುದು ಅವನಿಗೂ ಗೊತ್ತು. ಹಾಗಾದರೆ ಇವತ್ತು ಎಡಕ್ಕೆ ಹೊಡೆಯುತ್ತಾನೆ ಅಂತ ಲೆಕ್ಕ ಹಾಕಿ ಎಡಕ್ಕೆ ಹಾರಿದೆ. ಅವನು ಬಲಕ್ಕೇ ಹೊಡೆದ. ಗೋಲಾಯಿತು. ಆದದ್ದು ಇಷ್ಟೇ. ಒಂದೇ ಒಂದು ಅನುಮಾನ ಉಳಿದಿದೆ. ಆ ಲೆಕ್ಕವನ್ನು ನಾನು ಹಾರುವ ಮೊದಲು ಹಾಕಿದೆನೋ, ನೆಲಕ್ಕೆ ಬಿದ್ದ ಮೇಲೆ ಹಾಕಿದೆನೋ?

ಎರಡನೆಯ ಅರ್ಧದಲ್ಲಿ ಆ ಕಡೆಯ ನಾಯಕ ಒಬ್ಬನೇ ನುಗ್ಗಿ ಬಂದ. ಅವನು ಬೇಕರಿಯಲ್ಲಿ ಕೆಲಸ ಮಾಡುತ್ತಾನೆ, ಹನ್ನೊಂದು ವರ್ಷ ನನ್ನ ಜೊತೆ ಆಡಿದವನು. ಹತ್ತು ಗಜದಿಂದ ಹೊಡೆದ. ನಾನು ಹಾರಿ ಬೆರಳ ತುದಿಯಿಂದ ಹೊರಗೆ ತಳ್ಳಿದೆ. ಅಂಥದ್ದನ್ನು ನಾನು ಜೀವಮಾನದಲ್ಲಿ ತಡೆದಿರಲಿಲ್ಲ. ನೀವೆಲ್ಲ ಕುಣಿದಿರಿ. ಅವನು ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಈ ಕೈ ಫಸ್ಟ್ ಹಾಫಲ್ಲಿ ಎಲ್ಲಿತ್ತು ಅಣ್ಣ?"

ಪಂದ್ಯ ಮುಗಿದ ಮೇಲೆ ಅವರ ಕಡೆಯವರು ಯಾರೂ ಕೈ ಕುಲುಕಲಿಲ್ಲ. ಮುಂದಿನ ತಿಂಗಳು ಅವರ ಲೀಗು ಶುರು. ಬಾ ಅಂತ ಇನ್ನೂ ಯಾರೂ ಫೋನ್ ಮಾಡಿಲ್ಲ.

ಅದಿರಲಿ, ಅದನ್ನು ಸಹಿಸಿಕೊಳ್ಳಬಹುದು. ಮನೆಗೆ ಬಂದರೆ ಮೆಟ್ಟಿಲ ಮೇಲೆ ಭಾಮೈದ ಕೂತಿದ್ದ. "ಭಾವ, ನಿಜ ಹೇಳಿ. ಅದು ನಾನು ಹೊಡೆದಿದ್ದಾ, ನೀವು ಬಿಟ್ಟಿದ್ದಾ?" ಅಂದ. "ನೀನೇ ಹೊಡೆದಿದ್ದು ಕಣೋ" ಅಂದೆ. "ಮತ್ತೆ ಹೇಳೋಕೆ ಇಷ್ಟು ಹೊತ್ತು ಯಾಕೆ?" ಎಂದು ಎದ್ದು ಮೇಲಕ್ಕೆ ಹೋದ. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಇವತ್ತೂ ಅವನ ಅಕ್ಕ ಕರೆದದ್ದಕ್ಕೆ ಬಂದಿದ್ದಾನೆ.

ಅದಕ್ಕೇ ನಾನು ಒಂದು ತೀರ್ಮಾನ ಮಾಡಿಕೊಂಡು ಬಂದೆ. ಎಲ್ಲರ ಎದುರಿಗೆ ಹೇಳಿಬಿಡಬೇಕು. ಆ ಗೋಲು ಅವನದು, ನೀವು ಕೊಟ್ಟ ಈ ಫಲಕವೂ ಅವನದು, ನಾನು ಸೋತೆ, ಅವನು ಗೆದ್ದ ಅಂತ. ನೀವೇ ಹೇಳಿ, ಅಷ್ಟು ಹೇಳಿದರೆ ಎಲ್ಲರಿಗೂ ಒಳ್ಳೆಯದಲ್ಲವೇ? ಅವನ ಗೋಲು ಅವನಿಗೆ ಉಳಿಯುತ್ತದೆ, ನನ್ನ ಮರ್ಯಾದೆ ನನಗೆ ಉಳಿಯುತ್ತದೆ. ಮುಖ್ಯ ಅತಿಥಿಗಳು ಹೇಳಿದ್ದು ತಪ್ಪು, ಸಭಿಕರೇ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ನಿಮ್ಮ ಕ್ಲಬ್ಬೂ ಇರಲಿಲ್ಲ, ಅವರ ಕ್ಲಬ್ಬೂ ಇರಲಿಲ್ಲ, ಕಪ್ಪಂತೂ ಇರಲೇ ಇಲ್ಲ. ಆಣೆ ಮಾಡಿ ಹೇಳುತ್ತೇನೆ. ಅವನು ಚೆಂಡು ಇಟ್ಟ, ತೆಗೆದ, ಮತ್ತೆ ಇಟ್ಟ. ಹೋದ ವರ್ಷ ಲೀಗಿನ ಕೊನೆಯ ಪಂದ್ಯದಲ್ಲಿ ಇಂಥದೇ ಪೆನಾಲ್ಟಿಯನ್ನು ಹೊರಗೆ ಹೊಡೆದಿದ್ದನಲ್ಲ, ಇಲ್ಲಿ ಕೂತವರಲ್ಲಿ ಅರ್ಧ ಜನ ಅವನನ್ನು ಬೈದವರೇ. ಮೂರು ವಾರ ಅವನು ಕೆಳಗೆ ಇಳಿಯಲಿಲ್ಲ. ನನ್ನ ಹೆಂಡತಿ ಊಟದ ತಟ್ಟೆ ಹಿಡಿದು ಮಹಡಿ ಹತ್ತುತ್ತಿದ್ದಳು, ಮುಟ್ಟದ ತಟ್ಟೆ ಹಿಡಿದು ಇಳಿಯುತ್ತಿದ್ದಳು. ಅವತ್ತು ಅವನು ಓಡಿ ಬರುವಾಗ ನನ್ನ ಕಣ್ಣಿಗೆ ಚೆಂಡು ಕಾಣಲಿಲ್ಲ, ಆ ತಟ್ಟೆ ಕಂಡಿತು. ಇನ್ನೊಂದು ಸಲ ಇವನಿಗೆ ಹಾಗಾಗುವುದು ಬೇಡಪ್ಪಾ ಅಂತ...

ಅಯ್ಯೋ. ನಾನು ಹೇಳಬೇಕೆಂದು ಬಂದದ್ದು ಇದಲ್ಲ.

ಇವಳು ಮೂರನೆಯ ಸಾಲಿನಿಂದ ಕೈ ಬೀಸುತ್ತಿದ್ದಳು. ನಾನು ಮಾತು ಚೆನ್ನಾಗಿ ಬರುತ್ತಿದೆ ಅಂದುಕೊಂಡೆ.

ಏ, ಯಾಕೋ ಎದ್ದೆ? ಕೂತ್ಕೋ ಮಾರಾಯ, ನಾನಿನ್ನೂ ಮುಗಿಸಿಲ್ಲ. ನೀನು ಹೊಡೆದದ್ದು ಚೆನ್ನಾಗೇ ಇತ್ತು ಕಣೋ, ಬಲಕ್ಕೆ ಹಾರಿದ್ದರೂ ನನಗೆ ಸಿಗ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು? ನನಗೇ ಗೊತ್ತಿಲ್ಲ... ಬಾಗಿಲು ಯಾರು ತೆಗೆದದ್ದು? ಅವನನ್ನು ನಿಲ್ಲಿಸಿ.

ಅಧ್ಯಕ್ಷರೇ, ಈ ಮೈಕು ಹಿಡಿಯಿರಿ. ಫಲಕ ಮೇಜಿನ ಮೇಲೇ ಇರಲಿ. ಕರೆದು ಕೂರಿಸಿದ್ದಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ನಾನು ಋಣಿ. ನಡುವಿನ ಸಾಲಿನವರು ಸ್ವಲ್ಪ ಕಾಲು ತೆಗೆಯಿರಿ, ಅವನು ಬೀದಿ ದಾಟುವ ಮೊದಲು ನಾನು ಹೋಗಬೇಕು. ನಮಸ್ಕಾರ.